ಬುಖಾರಿಯ ಸುತ್ತ ಐದು ರಾತ್ರಿ

ಗುಲ್‌ಮಾರ್ಗ್‌ನಲ್ಲಿ ಹೋಟೆಲ್ ಕಾಯ್ದಿರಿಸುವ ಮುನ್ನ ನಾವು ಫೋನಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ, ಬೆಟ್ಟಕ್ಕೆ ಒಯ್ಯುವ ಗೊಂಡೋಲಾ ಎಂಬ ಕೇಬಲ್ ಕಾರಿನ ನಿಲ್ದಾಣ ಎಷ್ಟು ದೂರ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೇ? ಮೂರಕ್ಕೂ ನಮಗೆ ಹಿತವಾಗುವ ಉತ್ತರವೇ ಸಿಕ್ಕಿತು. ಬಿಸಿನೀರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬರುತ್ತದೆ, ಕರೆಂಟು ಹೋದರೆ ಕೋಣೆ ಯಾವುದರಿಂದ ಬೆಚ್ಚಗಿರುತ್ತದೆ, ಜನರೇಟರನ್ನು ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸುತ್ತಾರೆ ಎಂದು ಕೇಳಬೇಕೆನ್ನುವುದು ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕುಳಿತವರಿಗೆ ಹೊಳೆಯಲಿಲ್ಲ. 2024ರ ಫೆಬ್ರವರಿ ಮೂರನೆಯ ವಾರದಲ್ಲಿ ನಾನು, ನನ್ನ ಯಜಮಾನರು, ಎಂಜಿನಿಯರಿಂಗ್ ಓದುತ್ತಿರುವ ಮಗ ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಅಲ್ಲಿ ನಾಲ್ಕು ರಾತ್ರಿ ಇರಲೆಂದು ಹೋಗಿ ಐದು ರಾತ್ರಿ ಇದ್ದು ಬಂದೆವು. ಆ ಐದು ರಾತ್ರಿಗಳಲ್ಲಿ ಕಿಟಕಿಯ ಬೆಟ್ಟವನ್ನು ನಾವು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಊಟದ ಮನೆಯ ಪಕ್ಕದ ಹಜಾರದಲ್ಲಿದ್ದ ಬುಖಾರಿ ಎಂಬ ತಗಡಿನ ಒಲೆಯನ್ನು.

ಶ್ರೀನಗರದಿಂದ ಗುಲ್‌ಮಾರ್ಗ್‌ಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಅದರಲ್ಲಿ ಕೊನೆಯ ಹದಿಮೂರು ಕಿಲೋಮೀಟರು, ಅಂದರೆ ತಂಗ್‌ಮಾರ್ಗ್ ಎಂಬ ಊರಿನಿಂದ ಮೇಲಕ್ಕೆ ಏರುವ ಘಾಟಿ, ಬೇರೆಯದೇ ಲೋಕ. ಹಿಮ ಬಿದ್ದ ದಿನಗಳಲ್ಲಿ ಗಾಲಿಗಳಿಗೆ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಮೇಲಕ್ಕೆ ಬಿಡುತ್ತಾರೆ. ಹಾಗಾಗಿ ಶ್ರೀನಗರದ ಟ್ಯಾಕ್ಸಿಯಿಂದ ಇಳಿದು, ಸಾಮಾನುಗಳನ್ನೆಲ್ಲ ಸರಪಳಿ ತೊಟ್ಟ ಇನ್ನೊಂದು ಗಾಡಿಗೆ ಏರಿಸಿ, ರಸ್ತೆಬದಿಯ ಅಂಗಡಿಯಲ್ಲಿ ಬಾಡಿಗೆಗೆ ಸಿಗುವ ಗಮ್‌ಬೂಟು ಮತ್ತು ಉದ್ದನೆಯ ಕೋಟುಗಳನ್ನು ಹಾಕಿಕೊಂಡು ಹೊರಡಬೇಕು. ಅತ್ತೆಯವರು ಸೀರೆಯ ಮೇಲೆ ಆ ಕೋಟು ತೊಟ್ಟು, ಮೊಣಕಾಲುದ್ದದ ಬೂಟಿನೊಳಗೆ ನೆರಿಗೆಗಳನ್ನು ತುರುಕಿಕೊಂಡು ನಿಂತಾಗ ಮೊಮ್ಮಗ ಫೋಟೋ ತೆಗೆಯಲು ಹೋದ. ಅದನ್ನು ನೆಂಟರಿಗೆ ಕಳಿಸಿದರೆ ಊರಿಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದು ಅವರು ಎಚ್ಚರಿಸಿದರು. ಹೊರಗಿನ ರಾಜ್ಯಗಳ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ, ಆ ಫೋಟೋ ಕಳಿಸುವ ಶಕ್ತಿ ಅವನ ಫೋನಿಗೆ ಹೇಗೂ ಇರಲಿಲ್ಲ.

ಆ ವರ್ಷದ ಚಳಿಗಾಲ ಕಾಶ್ಮೀರಕ್ಕೆ ಮೋಸ ಮಾಡಿತ್ತು. ಡಿಸೆಂಬರ್ 21ರಿಂದ ಜನವರಿ 30ರವರೆಗಿನ ನಲವತ್ತು ದಿನಗಳನ್ನು ಅಲ್ಲಿಯವರು ಚಿಲ್ಲೈ ಕಲಾನ್ ಎನ್ನುತ್ತಾರೆ. ನಮ್ಮಲ್ಲಿ ಆರಿದ್ರಾ ಮಳೆ, ಪುಷ್ಯ ಮಳೆ ಎಂದು ಮಳೆಗೆ ಹೆಸರಿಟ್ಟು ಲೆಕ್ಕ ಹಿಡಿಯುವಂತೆ ಅವರು ಚಳಿಗೆ ಹೆಸರಿಟ್ಟು ಲೆಕ್ಕ ಹಿಡಿಯುತ್ತಾರೆ. ಚಿಲ್ಲೈ ಕಲಾನ್ ಮುಗಿದ ಮೇಲೆ ಇಪ್ಪತ್ತು ದಿನದ ಚಿಲ್ಲೈ ಖುರ್ದ್, ಅದರ ಹಿಂದೆ ಹತ್ತು ದಿನದ ಚಿಲ್ಲೈ ಬಚ್ಚಾ. ದೊಡ್ಡ ಹಿಮವೆಲ್ಲ ಮೊದಲ ನಲವತ್ತು ದಿನಗಳಲ್ಲೇ ಬೀಳಬೇಕು. 2024ರಲ್ಲಿ ಜನವರಿಯ ಬಹುಭಾಗ ಗುಲ್‌ಮಾರ್ಗ್‌ನ ಬೋಗುಣಿಯಂತಹ ಮೈದಾನ ಒಣಹುಲ್ಲಿನ ಬಣ್ಣದಲ್ಲೇ ಇತ್ತು. ಹಿಮ ಬಂದದ್ದು ತಿಂಗಳ ಕೊನೆಗೆ. ಹೋಟೆಲಿನ ಮ್ಯಾನೇಜರರು ಆ ದಿನಗಳ ಕಥೆಯನ್ನು ಹೇಳುವಾಗ ಬುಕಿಂಗ್ ರದ್ದು ಮಾಡಿದವರನ್ನು ಬೈಯಲಿಲ್ಲ. ಹಿಮವಿಲ್ಲದ ಗುಲ್‌ಮಾರ್ಗ್‌ಗೆ ಯಾರು ತಾನೆ ಬರುತ್ತಾರೆ ಎಂದಷ್ಟೇ ಹೇಳಿ ನಮ್ಮ ಆಧಾರ್ ಕಾರ್ಡುಗಳನ್ನು ಜೆರಾಕ್ಸ್ ಮಾಡಿಸಲು ಕಳಿಸಿದರು.

ಮೊದಲ ರಾತ್ರಿಯ ಅನಾಹುತ ನಮ್ಮಿಂದಲೇ ಆಯಿತು, ಆದರೆ ತಪ್ಪು ಪೂರ್ತಿ ನಮ್ಮದು ಎಂದು ಒಪ್ಪಿಕೊಳ್ಳಲು ನಾನು ಇವತ್ತಿಗೂ ಸಿದ್ಧಳಿಲ್ಲ. ಕೋಣೆ ಚೆನ್ನಾಗಿತ್ತು. ಗೋಡೆಗೆ ಪೈನ್ ಹಲಗೆ, ನೆಲಕ್ಕೆ ದಪ್ಪ ಜಮಖಾನ, ಹಾಸಿಗೆಯ ಮೇಲೆ ವಿದ್ಯುತ್ತಿನಿಂದ ಕಾಯುವ ಕಂಬಳಿ. ಬಚ್ಚಲುಮನೆಯ ನಲ್ಲಿ ಮಾತ್ರ ಸಣ್ಣಗೆ, ದಾರದಂತೆ ಸುರಿಯುತ್ತಲೇ ಇತ್ತು. ನೀರು ಪೋಲಾಗುವುದನ್ನು ಅತ್ತೆಯವರು ಎಂದೂ ಸಹಿಸಿದವರಲ್ಲ. ಮಲಗುವ ಮುನ್ನ ಎದ್ದು ಹೋಗಿ, ಎರಡೂ ಕೈ ಹಾಕಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ‘ಇಷ್ಟು ದೊಡ್ಡ ಹೋಟೆಲಿಗೆ ಒಂದು ವಾಷರು ಹಾಕಿಸುವುದಕ್ಕೆ ಗತಿಯಿಲ್ಲವಲ್ಲ’ ಎಂದು ಗೊಣಗಿ ಬಂದು ಮಲಗಿದರು. ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಸ್ವಲ್ಪ ಹೊತ್ತು ಗುಡುಗಿ ತಾನೂ ಸುಮ್ಮನಾಯಿತು. ಕಾಯುವ ಕಂಬಳಿ ಬರಿಯ ಕಂಬಳಿಯಾಯಿತು. ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಒಂದು ಹನಿ ನೀರಿಲ್ಲ.

ಕೋಣೆ ನೋಡಿಕೊಳ್ಳುವ ಹುಡುಗ ಬಂದು ನಲ್ಲಿಯನ್ನು ನೋಡಿದ, ನಮ್ಮನ್ನು ನೋಡಿದ, ತಲೆಯ ಮೇಲೆ ಕೈಯಿಟ್ಟುಕೊಂಡ. ಚಳಿಗಾಲದಲ್ಲಿ ಅಲ್ಲಿ ನಲ್ಲಿಗಳನ್ನು ರಾತ್ರಿಯಿಡೀ ಸಣ್ಣಗೆ ಬಿಟ್ಟಿರುತ್ತಾರಂತೆ. ಹರಿಯುವ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ನಿಂತ ನೀರು ಪೈಪಿನೊಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾದಾಗ ಹಿಗ್ಗುವುದರಿಂದ ಕೆಲವೊಮ್ಮೆ ಪೈಪೇ ಸೀಳಿಬಿಡುತ್ತದೆ. ನಮ್ಮ ಪುಣ್ಯಕ್ಕೆ ಸೀಳಿರಲಿಲ್ಲ. ಅವನು ಅಡುಗೆಮನೆಯಿಂದ ಮೂರು ಸಲ ಕೆಟಲಿನಲ್ಲಿ ಬಿಸಿನೀರು ತಂದು, ಪೈಪಿಗೆ ಗೋಣಿತಾಟು ಸುತ್ತಿ, ಅದರ ಮೇಲೆ ನಿಧಾನವಾಗಿ ಹೊಯ್ಯುತ್ತ ಕುಳಿತ. ಮುಕ್ಕಾಲು ಗಂಟೆಯಾದ ಮೇಲೆ ಒಳಗೆ ಏನೋ ಕಟಕಟ ಎಂದು, ನಲ್ಲಿ ಒಮ್ಮೆ ಕೆಮ್ಮಿ, ಮಂಜಿನ ಚೂರುಗಳ ಸಮೇತ ನೀರು ಉಗುಳಿತು. ಅಷ್ಟು ಹೊತ್ತೂ ಅತ್ತೆಯವರು ಬಚ್ಚಲ ಬಾಗಿಲಲ್ಲಿ ನಿಂತು, ಕನ್ನಡದಲ್ಲೇ ಅವನ ಕ್ಷಮೆ ಕೇಳುತ್ತಿದ್ದರು. ಅವನು ಪ್ರತಿ ಸಲವೂ ‘ಕೋಯಿ ಬಾತ್ ನಹೀಂ ಮಾಜಿ’ ಎನ್ನುತ್ತಿದ್ದ. ನನ್ನ ತಕರಾರು ಇಷ್ಟೇ: ಬಾಗಿಲಿನ ಹಿಂದೆ ಊಟದ ವೇಳೆ, ಬಟ್ಟೆ ಒಗೆಸುವ ದರ, ಕೋಣೆ ಬಿಡುವ ಸಮಯವನ್ನೆಲ್ಲ ಅಚ್ಚುಹಾಕಿಸಿ ಅಂಟಿಸುವವರು ‘ನಲ್ಲಿಯನ್ನು ಪೂರ್ತಿ ಮುಚ್ಚಬೇಡಿ’ ಎಂಬ ಒಂದು ಸಾಲನ್ನೂ ಸೇರಿಸಬಹುದಿತ್ತು.

ಸುಮಾರು 2,650 ಮೀಟರ್ ಎತ್ತರದ ಊರಿನಲ್ಲಿ ನೀರಿನದು ಇನ್ನೂ ಒಂದು ತಂಟೆಯಿದೆ. ಅಲ್ಲಿ ನೀರು ಕುದಿಯುವುದು ತೊಂಬತ್ತೊಂದು ಡಿಗ್ರಿಯ ಆಸುಪಾಸಿನಲ್ಲಿ. ಪಾತ್ರೆ ಕುದಿಯುತ್ತಿರುವಂತೆ ಕಂಡರೂ ಅದರೊಳಗಿನ ಬೇಳೆಗೆ ಬೇಯುವಷ್ಟು ಬಿಸಿ ಸಾಲುವುದಿಲ್ಲ. ಅಡುಗೆಮನೆಯಿಂದ ಹಗಲಿಡೀ ಕುಕ್ಕರಿನ ಸೀಟಿ ಕೇಳುತ್ತಿದ್ದುದರ ಕಾರಣ ಅತ್ತೆಯವರಿಗೆ ಮೊಮ್ಮಗ ವಿವರಿಸಿದ ಮೇಲೆ ಅವರಿಗೆ ಅಡುಗೆಯವರ ಮೇಲಿದ್ದ ಅಭಿಪ್ರಾಯವೇ ಬದಲಾಯಿತು. ಅಲ್ಲಿಯವರೆಗೆ ಟೀ ಸಪ್ಪೆ, ಬೇಳೆ ಗಟ್ಟಿ ಎಂದು ದೂರುತ್ತಿದ್ದವರು ಆಮೇಲೆ ಬಡಿಸಿದ್ದನ್ನು ಗೌರವದಿಂದ ಉಣ್ಣತೊಡಗಿದರು. ಸಸ್ಯಾಹಾರಿಗಳಿಗೆ ಕಾಶ್ಮೀರದಲ್ಲಿ ಉಪವಾಸವೇ ಗತಿ ಎಂದು ಹೆದರಿಸಿದವರ ಮಾತು ಸುಳ್ಳಾಯಿತು. ಕಾಶ್ಮೀರಿಗಳು ನಮ್ಮಂತೆಯೇ ಅನ್ನದವರು. ಹಾಖ್ ಎಂಬ ಸೊಪ್ಪನ್ನು ಎಣ್ಣೆ, ಮೆಣಸಿನಕಾಯಿ, ಇಂಗಿನಲ್ಲಿ ತೆಳುವಾಗಿ ಬೇಯಿಸಿ ಅನ್ನಕ್ಕೆ ಹಾಕುತ್ತಾರೆ. ಅದು ನಮ್ಮ ಬಸ್ಸಾರಿಗೆ ದೂರದ ನೆಂಟನಂತಿತ್ತು. ನದ್ರು ಎಂದರೆ ತಾವರೆಯ ದಂಟು. ಅದನ್ನು ಮೊಸರಿನಲ್ಲಿ ಮಾಡಿದ್ದರು. ಮೂರನೆಯ ದಿನ ಅತ್ತೆಯವರು ಕೇಳಿ ಬಡಿಸಿಕೊಂಡದ್ದು ಅದನ್ನೇ. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ನಮ್ಮಲ್ಲಿ ಯಾರಿಗೂ ಹಿಡಿಸಲಿಲ್ಲ.

ಇನ್ನು ಬುಖಾರಿಯ ವಿಷಯ. ಹಜಾರದ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ತಗಡಿನ ಪೀಪಾಯಿ ಅದು. ಮೇಲೊಂದು ಮುಚ್ಚಳ, ಮುಂದೆ ಬೂದಿ ತೆಗೆಯುವ ಬಾಯಿ, ಹಿಂದಿನಿಂದ ಹೊರಟ ಹೊಗೆಕೊಳವೆ ಗೋಡೆಯಗುಂಟ ಏರಿ ಸೂರನ್ನು ತೂರಿಕೊಂಡು ಹೊರಗೆ ಹೋಗುತ್ತದೆ. ಸೌದೆ ಹಾಕಿದ ಕೆಲವೇ ನಿಮಿಷಕ್ಕೆ ತಗಡು ಕೆಂಪಾಗಿ, ಎದುರಿಗೆ ಕೂತವರ ಮುಖ ಸುಡುತ್ತ ಬೆನ್ನು ಕೊರೆಯುತ್ತ, ಎಲ್ಲರೂ ರೊಟ್ಟಿಯಂತೆ ತಮ್ಮನ್ನು ತಾವೇ ಮಗುಚಿಕೊಳ್ಳುತ್ತಿರಬೇಕಾಗುತ್ತದೆ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಐವತ್ತು ವರ್ಷ ಹಂಡೆ ಒಲೆಗೆ ಬೆಂಕಿ ಹಾಕಿದ ಅತ್ತೆಯವರಿಗೆ ಇಡೀ ಗುಲ್‌ಮಾರ್ಗ್‌ನಲ್ಲಿ ಪರಿಚಿತವೆನಿಸಿದ ಒಂದೇ ವಸ್ತು ಅದು. ಎರಡನೆಯ ಸಂಜೆ ಹೊತ್ತಿಗೆ ಹಸಿಸೌದೆಯನ್ನು ಒಲೆಯ ಕಾಲಿನ ಬಳಿ ಒಣಗಲು ಪೇರಿಸುವ ಕೆಲಸವನ್ನು ಅವರು ಯಾರನ್ನೂ ಕೇಳದೆ ವಹಿಸಿಕೊಂಡಿದ್ದರು. ನಮ್ಮ ಕೋಣೆಯ ಹುಡುಗ ಒಮ್ಮೆ ಫಿರನ್ ಎಂಬ ದೊಗಳೆ ನಿಲುವಂಗಿಯ ಒಳಗಿಂದ ತನ್ನ ಕಾಂಗ್ರಿಯನ್ನು ತೆಗೆದು ಅವರ ಕೈಗೆ ಕೊಟ್ಟ. ಬೆತ್ತದಂತೆ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಬೋಗುಣಿ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ‘ಇದು ನಮ್ಮ ಅಗ್ಗಿಷ್ಟಿಕೆಯೇ ಅಲ್ಲವೇ, ಇವರು ಅದಕ್ಕೆ ಬುಟ್ಟಿ ಹೆಣೆದು ಹೊಟ್ಟೆಗೆ ಕಟ್ಟಿಕೊಂಡಿದ್ದಾರೆ’ ಎಂದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಸಮಾಧಾನವಿರಲಿಲ್ಲ. ಬುಖಾರಿಯ ಹಿಂದೆ, ಹೊಗೆಕೊಳವೆಯ ಪಕ್ಕದಲ್ಲೇ ಒಂದು ಹಗ್ಗ ಕಟ್ಟಿದ್ದರು. ಅತಿಥಿಗಳು ಒದ್ದೆಯಾದ ಕಾಲುಚೀಲ, ಕೈಗವಸು, ಟೋಪಿಗಳನ್ನೆಲ್ಲ ಅದರ ಮೇಲೆ ಒಣಹಾಕುತ್ತಿದ್ದರು. ಭಾರಕ್ಕೆ ಹಗ್ಗ ಜೋತು, ಉಣ್ಣೆಯ ಕಾಲುಚೀಲಗಳ ತುದಿ ಕೊಳವೆಗೆ ತಾಗುವಷ್ಟು ಹತ್ತಿರ ಬರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸಿ ಅಭ್ಯಾಸವಿದ್ದ ಅತ್ತೆಯವರ ಕಣ್ಣು ದಿನಕ್ಕೆ ಹತ್ತು ಸಲ ಅಲ್ಲಿಗೇ ಹೋಗುತ್ತಿತ್ತು. ಹುಡುಗನನ್ನು ಕರೆದು ಗೇಣು ಅಳೆದು ತೋರಿಸಿ, ಇನ್ನಷ್ಟು ಮೇಲೆ ಕಟ್ಟು ಎಂದು ಸನ್ನೆ ಮಾಡಿದರು. ಅವನು ನಕ್ಕು, ಅವರ ಕಾಲುಚೀಲವನ್ನೂ ತೆಗೆದುಕೊಂಡು ಹೋಗಿ ಅದೇ ಹಗ್ಗದ ಮೇಲೆ ಹಾಕಿದ.

ಬುಖಾರಿಯ ಸುತ್ತ ಕೂರುವವರಲ್ಲಿ ಎರಡು ಪಂಗಡಗಳಿದ್ದವು. ಒಂದು ನಮ್ಮದು, ಹಿಮವನ್ನು ನೋಡಲು ಬಂದವರದು. ಗುಜರಾತ್, ಮಹಾರಾಷ್ಟ್ರ, ಬಂಗಾಳದ ಕುಟುಂಬಗಳು, ಮದುವೆಯಾದ ಹೊಸತರಲ್ಲಿ ಬಂದ ಜೋಡಿಗಳು. ನಮ್ಮ ದಿನ ಹತ್ತಕ್ಕೆ ಶುರುವಾಗಿ, ಸ್ಲೆಜ್ ಎಳೆಯುವವರೊಡನೆ ಚೌಕಾಸಿ, ಹಿಮದಲ್ಲಿ ಉರುಳಾಟ, ಮ್ಯಾಗಿ, ಮತ್ತೆ ಬುಖಾರಿ ಎಂಬಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ಪಂಗಡ ಸ್ಕೀ ಆಡಲೆಂದೇ ಬಂದವರದು. ಸ್ವೀಡನ್ನಿನ ನಾಲ್ವರು, ಆಸ್ಟ್ರೇಲಿಯಾದ ಇಬ್ಬರು, ಪುಣೆಯ ಒಬ್ಬ ಮಧ್ಯವಯಸ್ಕ ಮಹಿಳೆ. ಇವರು ಏಳು ಗಂಟೆಗೇ ಎದ್ದು ಆ ದಿನದ ಹಿಮಕುಸಿತದ ಮುನ್ಸೂಚನೆ ನೋಡುತ್ತಿದ್ದರು. ಹಿಮದಡಿ ಸಿಕ್ಕಿಬಿದ್ದರೆ ಸಂಕೇತ ಕಳಿಸುವ ಯಂತ್ರವನ್ನು ಎದೆಗೆ, ಮಡಚುವ ಸನಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದವರು ನಾಲ್ಕು ಗಂಟೆಗೆ ಮರಳಿ, ಆಳುದ್ದದ ಸ್ಕೀಗಳ ತಳಕ್ಕೆ ಮೇಣ ಸವರುತ್ತ ಕೂರುತ್ತಿದ್ದರು. ಅವರಿಗೆ ಕೋಣೆಯ ಅಂದಚೆಂದ ಬೇಕಿರಲಿಲ್ಲ. ಬೂಟು ಬೆಳಗಾಗುವುದರೊಳಗೆ ಒಣಗಬೇಕು, ತಿಂಡಿ ಬೇಗ ಸಿಗಬೇಕು, ಅಷ್ಟೇ. ಸ್ಕೀ ಬೂಟಿನ ಒಳಚೀಲ ಒದ್ದೆಯಿದ್ದರೆ ಮರುದಿನ ಕಾಲು ಮರಗಟ್ಟಿ ಆಟವೇ ನಿಲ್ಲುತ್ತದೆ ಎಂದು ಪುಣೆಯವರು ವಿವರಿಸಿದರು. ಅವರು ಅದೇ ಹೋಟೆಲಿಗೆ ಆರನೆಯ ಸಲ ಬರುತ್ತಿರುವುದು ಆ ಬುಖಾರಿಯ ಸಲುವಾಗಿಯೇ ಅಂತೆ.

ಅಲ್ಲಿ ಸ್ಕೀ ಹಳೆಯ ಆಟ. ಬ್ರಿಟಿಷರು 1927ರಲ್ಲೇ ಗುಲ್‌ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಆದರೆ ಈಗಿನ ಹೋಟೆಲುಗಳ ಭರಾಟೆಗೆ ಮುಖ್ಯ ಕಾರಣ ಗೊಂಡೋಲಾ. ಅದರ ಮೊದಲ ಹಂತ 1998ರಲ್ಲಿ ಶುರುವಾಗಿ ಸುಮಾರು 3,080 ಮೀಟರ್ ಎತ್ತರದ ಕೊಂಗ್ಡೂರಿಯವರೆಗೆ ಹೋಗುತ್ತದೆ. 2005ರಲ್ಲಿ ಸೇರಿದ ಎರಡನೆಯ ಹಂತ ಅಲ್ಲಿಂದ ಅಫರ್ವಾತ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರಿಗೆ ಒಯ್ಯುತ್ತದೆ. ನಾವು ಮೊದಲ ಹಂತಕ್ಕಷ್ಟೇ ಹೋಗಿಬಂದೆವು. ಮಗ ಕೆಳಗಿನ ಇಳಿಜಾರಿನಲ್ಲಿ ಎರಡು ಬೆಳಗು ಪಾಠ ಹೇಳಿಸಿಕೊಂಡ. ತಂಗ್‌ಮಾರ್ಗ್ ಕಡೆಯ ಹಳ್ಳಿಯ ಶಿಕ್ಷಕ, ಸ್ಕೀಗಳ ಮೂತಿ ಕೂಡಿಸಿ ಹಿಂಬದಿ ಅಗಲಿಸಿ ನಿಲ್ಲುವುದನ್ನು ಕಲಿಸಿದ. ಇವನು ಕಲಿತದ್ದು ಬೀಳುವುದನ್ನು. ಎರಡನೆಯ ದಿನ ಮಾತ್ರ ಒಮ್ಮೆ, ನಾನು ನೋಡುತ್ತಿರುವಾಗಲೇ, ಬೀಳದೆ ಇಡೀ ಇಳಿಜಾರು ಇಳಿದು, ನಿಲ್ಲುವುದು ಹೇಗೆಂದು ಮರೆತು, ಕೆಳಗಿದ್ದ ಹಿಮದ ಗುಡ್ಡೆಯೊಳಗೆ ಹೋಗಿ ಕೂತ.

ಅದೇ ಮಧ್ಯಾಹ್ನ ಹಿಮ ಬೀಳಲಾರಂಭಿಸಿತು. ಮೊದಲ ಗಂಟೆ ಎಲ್ಲರೂ ಹೊರಗೆ ಓಡಿ ಕೈಚಾಚಿ ಕುಣಿದರು. ಸಂಜೆಗೆ ಮೆಟ್ಟಿಲು ಮುಚ್ಚಿತು. ಮರುದಿನ ಬೆಳಿಗ್ಗೆ ನೆಲಮಾಳಿಗೆಯ ಕಿಟಕಿಗಳು ಕಾಣಿಸಲಿಲ್ಲ. ಮಲೆನಾಡಿನ ಮಳೆಯ ಸದ್ದು ಕೇಳಿ ಬೆಳೆದವಳಿಗೆ, ಅಷ್ಟೊಂದು ನೀರು ಒಂದಿಷ್ಟೂ ಸದ್ದಿಲ್ಲದೆ ಆಕಾಶದಿಂದ ಇಳಿಯುವುದು ಭಯ ಹುಟ್ಟಿಸಿತು. ಸದ್ದಾಗುತ್ತಿದ್ದುದು ಇಳಿಜಾರು ಸೂರಿನ ತಗಡಿನಿಂದ ಹಿಮದ ಹೊರೆ ಒಟ್ಟಿಗೇ ಜಾರಿ ಧೊಪ್ಪನೆ ಬಿದ್ದಾಗ ಮಾತ್ರ. ರಾತ್ರಿ ಎರಡಕ್ಕೆ ಹಾಗೊಮ್ಮೆ ಬಿದ್ದಾಗ ಇಡೀ ಕಟ್ಟಡ ಮೈಕೊಡವಿದಂತಾಯಿತು. ಗೊಂಡೋಲಾ ನಿಂತಿತು, ತಂಗ್‌ಮಾರ್ಗ್ ರಸ್ತೆ ಮುಚ್ಚಿತು. ಹೋಟೆಲಿನ ಕೆಲಸಗಾರರಲ್ಲಿ ಹೆಚ್ಚಿನವರು ಕೆಳಗಿನ ಹಳ್ಳಿಗಳಿಂದ ದಿನವೂ ಏರಿ ಬರುವವರು. ಮೇಲೆ ಉಳಿದುಕೊಂಡಿದ್ದವರು ಏಳೋ ಎಂಟೋ ಮಂದಿ. ಅವರೇ ಹಿಮ ಗೋರಿದರು, ಸೌದೆ ಹೊತ್ತರು, ಅಡುಗೆ ಮಾಡಿದರು, ಸೂರಿನ ಮೇಲೇರಿ ಹೊಗೆಕೊಳವೆಯ ಬಾಯಿ ಬಿಡಿಸಿದರು. ನಮ್ಮ ಕೋಣೆಯ ಹುಡುಗ ಆ ಎರಡು ದಿನ ಪರೋಟ ಲಟ್ಟಿಸುತ್ತಿದ್ದ.

ಹೀಗಿರುವಾಗಲೇ ಅತಿಥಿಗಳ ನಿಜವಾದ ಗುಣ ಹೊರಬಿತ್ತು. ಗೊಂಡೋಲಾ ಟಿಕೇಟಿನ ಹಣವನ್ನು ಹೋಟೆಲಿನವರೇ ಕೊಡಬೇಕೆಂದು ಒಬ್ಬರು ರಿಸೆಪ್ಷನ್‌ನಲ್ಲಿ ಮೇಜು ಗುದ್ದಿದರು. ಇನ್ನೊಬ್ಬರು ತಮ್ಮ ವಿಮಾನ ತಪ್ಪಿದರೆ ಯಾರು ಹೊಣೆ ಎಂದು ಅರ್ಧ ಗಂಟೆಗೊಮ್ಮೆ ಕೇಳಿದರು. ಹಿಮವಿಲ್ಲವೆಂದು ಜನವರಿಯಲ್ಲಿ ಬೈಸಿಕೊಂಡಿದ್ದ ಮ್ಯಾನೇಜರರು ಈಗ ಹಿಮ ಹೆಚ್ಚಾಯಿತೆಂದು ಬೈಸಿಕೊಳ್ಳುತ್ತಿದ್ದರು. ಡೀಸೆಲ್ ಉಳಿಸಲು ಕೋಣೆಗಳ ಹೀಟರನ್ನು ಹಗಲಿನಲ್ಲಿ ನಿಲ್ಲಿಸಿದಾಗ ಎಲ್ಲರೂ ಬೇರೆ ದಾರಿಯಿಲ್ಲದೆ ಹಜಾರಕ್ಕೆ ಬಂದು ಸೇರಿದೆವು. ಸ್ವೀಡನ್ನಿನವರು ತಮ್ಮ ಇಸ್ಪೀಟು ತಂದರು. ಮೇಜು ಗುದ್ದಿದ ಮಹನೀಯರು ಅವರಿಗೆ ರಮ್ಮಿ ಕಲಿಸಿದರು. ಹೀಗೆಂದು ಹೋಟೆಲನ್ನು ಪೂರ್ತಿ ಹೊಗಳುವ ಮನಸ್ಸು ನನಗಿಲ್ಲ. ರಸ್ತೆ ಮುಚ್ಚಿದ್ದರಿಂದ ಅನಿವಾರ್ಯವಾಗಿ ಉಳಿದ ಐದನೆಯ ರಾತ್ರಿಗೆ ಒಂದು ರೂಪಾಯಿಯನ್ನೂ ಬಿಡದೆ ಪೂರ್ತಿ ಬಾಡಿಗೆ ಹಾಕಿದ್ದು, ಅದೂ ಹೀಟರು ನಿಲ್ಲಿಸಿದ ದಿನಕ್ಕೆ, ನನಗೆ ನ್ಯಾಯವೆನಿಸಲಿಲ್ಲ. ಹೇಳಿದೆ. ಮ್ಯಾನೇಜರರು ಮಾಲೀಕರ ಕಡೆ ಬೆರಳು ತೋರಿಸಿ, ಒಂದು ಪೊಟ್ಟಣ ಕಹ್ವಾ ಎಂಬ ಕಾಶ್ಮೀರಿ ಚಹಾದ ಪುಡಿ ಕೊಟ್ಟರು.

ಫೆಬ್ರವರಿ 21ರ ಬೆಳಿಗ್ಗೆ ಬಾನು ತೊಳೆದಿಟ್ಟಂತಿತ್ತು. ಉತ್ತರದಲ್ಲಿ, ಮೋಡ ಸರಿದ ಸಂದಿಯಲ್ಲಿ, 8,126 ಮೀಟರಿನ ನಂಗಾ ಪರ್ವತ ಬಿಡಿಯಾಗಿ ನಿಂತಿತ್ತು. ಸ್ಕೀ ಪಂಗಡದವರು ಆರಕ್ಕೇ ಸಜ್ಜಾಗಿ ಕೂತಿದ್ದರೂ ಎರಡನೆಯ ಹಂತ ಬೇಗ ತೆರೆಯುವ ಲಕ್ಷಣವಿರಲಿಲ್ಲ. ಸಡಿಲವಾದ ಹಳೆಯ ಪದರದ ಮೇಲೆ ಇಷ್ಟೊಂದು ಹೊಸ ಹಿಮ ಒಮ್ಮೆಲೇ ಕೂತಾಗ ಇಡೀ ಇಳಿಜಾರೇ ಹಾಳೆಯಂತೆ ಜಾರಬಹುದು, ಗಸ್ತಿನವರು ಪರೀಕ್ಷಿಸುವವರೆಗೆ ಕಾಯಲೇಬೇಕು ಎಂದು ಪುಣೆಯವರು ಹೇಳಿದರು. ನಾವು ಮಧ್ಯಾಹ್ನ ಸರಪಳಿ ಗಾಡಿಯಲ್ಲಿ ಇಳಿಯುವಾಗ ಎದುರಿನಿಂದ ಸ್ಕೀ ಚೀಲ ಹೊತ್ತ ವಾಹನಗಳು ಸಾಲಾಗಿ ಏರುತ್ತಿದ್ದವು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಅಂದೇ ಆರಂಭವಾಗಿತ್ತು. ಆ ಕೂಟದಲ್ಲಿ ಕರ್ನಾಟಕಕ್ಕೆ, ಹಿಮದ ಮೇಲೆ ದೂರ ಓಡುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಚಿನ್ನ ತಂದುಕೊಟ್ಟವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂದು ಆಮೇಲೆ ಮಗ ಅಜ್ಜಿಗೆ ಹೇಳಿದ. ಹಿಮವನ್ನೇ ಕಾಣದ ಕೊಡಗಿನ ಹುಡುಗಿ ಅಲ್ಲಿ ಗೆಲ್ಲುವುದೆಂದರೇನು ಎಂದು ಅತ್ತೆಯವರು ಅವತ್ತೆಲ್ಲ ಅದನ್ನೇ ಮಾತಾಡಿದರು.

ಮರುದಿನ, 22ರಂದು, ಗುಲ್‌ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ರಷ್ಯಾದ ಸ್ಕೀ ಆಟಗಾರರೊಬ್ಬರು ತೀರಿಕೊಂಡರು, ಅವರ ಜೊತೆಗಿದ್ದವರನ್ನು ರಕ್ಷಿಸಲಾಯಿತು ಎಂಬ ಸುದ್ದಿಯನ್ನು ಟಿವಿಯಲ್ಲಿ ನೋಡಿದೆವು. ನಮ್ಮ ಬುಖಾರಿಯ ಬಳಗದವರೆಲ್ಲ ಕ್ಷೇಮವಾಗಿದ್ದಾರೆ ಎಂದು ಪುಣೆಯವರು ಸಂಜೆ ಸಂದೇಶ ಕಳಿಸುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ವಾರ ಕಳೆದ ಮೇಲೆ ಹೋಟೆಲಿನವರಿಂದ ಅಭಿಪ್ರಾಯ ಬರೆಯಿರೆಂದು ಸಂದೇಶ ಬಂತು. ಊಟ, ಸ್ವಚ್ಛತೆ, ಕಿಟಕಿಯ ನೋಟ ಎಂದು ಒಂದೊಂದಕ್ಕೂ ನಕ್ಷತ್ರ ಕೊಡುವ ಪಟ್ಟಿಯಿತ್ತು. ಸೌದೆ ಹೊತ್ತವರಿಗೆ, ಕೆಟಲು ಹಿಡಿದು ಮುಕ್ಕಾಲು ಗಂಟೆ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತವನಿಗೆ ಕೊಡಲು ಅದರಲ್ಲಿ ಜಾಗವಿರಲಿಲ್ಲ. ಕೆಳಗಿನ ಖಾಲಿ ಚೌಕದಲ್ಲಿ ಅವರ ಬಗ್ಗೆ ಬರೆದೆ, ನಲ್ಲಿಯ ಸೂಚನೆಯನ್ನು ಬಾಗಿಲ ಹಿಂದೆ ಅಂಟಿಸಿರೆಂದು ಬರೆದೆ, ಐದನೆಯ ರಾತ್ರಿಯ ಬಾಡಿಗೆಯ ಬಗ್ಗೆಯೂ ಬರೆದೆ. ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆಯವರು ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡು, ‘ಆ ಹಗ್ಗವನ್ನು ಒಂದು ಗೇಣು ಮೇಲೆ ಕಟ್ಟುವುದಕ್ಕೆ ಹೇಳಿದೆಯೇನೇ?’ ಎಂದು ಕೇಳಿದರು. ಕಳಿಸುವ ಗುಂಡಿ ಒತ್ತಿಯಾಗಿತ್ತು. ಕೊನೆಗೆ ರಿಸೆಪ್ಷನ್ನಿಗೇ ಫೋನು ಹಚ್ಚಿಕೊಟ್ಟೆ.